ಕೀಲಿಯಣ್ಣ ಮೆಚ್ಚಿದ ಜೊತೆಗಾರ

ನಮ್ಮ ಬೀದಿಯಲ್ಲಿ ಬೀಗ ರಿಪೇರಿ ಮಾಡುವವನನ್ನು ಎಲ್ಲರೂ ಕೀಲಿಯಣ್ಣ ಎಂದೇ ಕರೆಯುತ್ತಾರೆ. ನನ್ನ ಓರಗೆಯವನು. ಯಾರ ಮನೆಯ ಬೀಗ ತೆಗೆಯಬೇಕಾದರೂ ಒಡೆಯರು ಎದುರಿಗೆ ನಿಂತಿರಬೇಕು, ನೆರೆಯವರೊಬ್ಬರು ಹೌದೆನ್ನಬೇಕು. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಇದನ್ನು ಮೀರಿದವನಲ್ಲ. ಕೀಲಿ ಕಳೆದುಕೊಂಡ ಸ್ವಂತ ಭಾವಮೈದುನನನ್ನೇ ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂರಿಸಿದ್ದ. ಮನೆ ಅವನ ಹೆಂಡತಿಯ ಹೆಸರಿನಲ್ಲಿದೆ, ಅವಳೇ ಬರಲಿ ಎಂದು!

ಅವನ ಮೊಮ್ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಕೈಚಳಕದ ಹುಡುಗಿ. ಅಜ್ಜನ ಕಸುಬು ಕಲಿಯಬೇಕೆಂದು ಆರು ತಿಂಗಳಿಂದ ಬೆನ್ನುಬಿದ್ದಿದ್ದಳು. ಅವನು ಒಪ್ಪಿರಲಿಲ್ಲ. ಕಾರಣ, ಅವಳು ಆಡುತ್ತಿದ್ದ ಒಂದು ಕಂಪ್ಯೂಟರ್ ಆಟ.

ಒಂದು ಭಾನುವಾರ ನನ್ನನ್ನು ಎಳೆದುಕೊಂಡು ಹೋಗಿ ಅವಳ ಮೇಜಿನ ಮುಂದೆ ಕೂರಿಸಿದ. "ನೀವೇ ನೋಡಿ ಮೇಷ್ಟ್ರೇ. ಇದರಲ್ಲಿ ಆಡೋರಿಗೆ ಮೂರು ಜನ ಜೊತೆಗಾರರು. ಒಬ್ಬ ರಾಜನ ಕಾವಲುಗಾರ, ಕೊಟ್ಟ ಮಾತು ತಪ್ಪಲ್ಲ. ಒಬ್ಬಳು ವೈದ್ಯೆ, ಶತ್ರುಗೂ ಔಷಧ ಕೊಡ್ತಾಳೆ. ಇನ್ನೊಬ್ಬಳು ಕಳ್ಳಿ. ನಮ್ಮ ಹುಡುಗಿ ಮೆಚ್ಚೋದು ಯಾರನ್ನ? ಕಳ್ಳಿಯನ್ನ! ಇಂಥವಳಿಗೆ ಊರಿನ ಬೀಗ ತೆಗೆಯೋದು ಕಲಿಸಲಾ?"

"ನಿಮ್ಮ ಅಜ್ಜನಿಗೆ ಆ ಕಾವಲುಗಾರನೇ ಸರಿ. ಸಕ್ಕರೆ ಡಬ್ಬಕ್ಕೂ ಅಪ್ಪಣೆ ಕೇಳೋ ಗಂಡಸು," ಎಂದಳು ಅವನ ಹೆಂಡತಿ, ಬಟ್ಟೆ ಮಡಿಸುತ್ತಲೇ.

"ಹಾಗಾದ್ರೆ ನೀನೇ ಆಡು ಅಜ್ಜ," ಎಂದು ಹುಡುಗಿ ಕುರ್ಚಿ ಬಿಟ್ಟುಕೊಟ್ಟಳು.

ಪರದೆಯ ಮೇಲೆ ಒಂದು ಹಳ್ಳಿ. ಅಲ್ಲಿ ಸಾಂಕ್ರಾಮಿಕ ರೋಗ. ರೋಗ ತಗುಲಿದ ಮನೆಯೊಂದಕ್ಕೆ ರಾಜನ ಆಜ್ಞೆಯಂತೆ ಹೊರಗಿನಿಂದ ಬೀಗ ಜಡಿದಿದ್ದರು. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. ಕಳ್ಳಿ ಬೀಗದ ಮುಂದೆ ಕುಳಿತು ತಂತಿ ಹೊರತೆಗೆದಳು. ಒಳಗಿರುವವರನ್ನು ಮೊದಲು ನೋಡೋಣ ಎಂದು ವೈದ್ಯೆ ಬೇಡಿಕೊಂಡಳು. ಆಜ್ಞೆ ಮೀರಿದರೆ ರೋಗ ಊರಿಗೆಲ್ಲ ಹರಡುತ್ತದೆ ಎಂದು ಕಾವಲುಗಾರ ಅಡ್ಡ ನಿಂತ. ಯಾರ ಮಾತು ನಡೆಯಬೇಕು ಎಂದು ಆಟ ಕೇಳಿತು.

ಕೀಲಿಯಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. ಕಾವಲುಗಾರನ ಹೆಸರನ್ನು ಒತ್ತಿಬಿಟ್ಟ.

ಕಾವಲುಗಾರ ಕತ್ತಿ ಹಿರಿದು ಕಳ್ಳಿಯನ್ನು ಅಲ್ಲೇ ಕಡಿದುಹಾಕಿದ. ಬಾಗಿಲ ಬಡಿತ ನಿಧಾನವಾಗಿ ನಿಂತೇಹೋಯಿತು. ವೈದ್ಯೆ ತಿರುಗಿಯೂ ನೋಡದೆ ಹೊರಟುಹೋದಳು. ಪರದೆಯ ಮೇಲೆ ಒಂದು ಸಾಲು ಮೂಡಿತು: 'ಕಾವಲುಗಾರ ನಿಮ್ಮನ್ನು ಬಹಳ ಮೆಚ್ಚಿದ್ದಾನೆ.'

ಕೀಲಿಯಣ್ಣ ಬಿಸಿ ತಾಗಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

"ಅವಳು ಏಳ್ತಾಳಾ?"

"ಇಲ್ಲ ಅಜ್ಜ. ಈ ಆಟದಲ್ಲಿ ಸತ್ತವರು ಸತ್ತ ಹಾಗೇ."

"ನಾನು ಕೊಲ್ಲು ಅನ್ನಲಿಲ್ಲ! ತಡಿ ಅಂದೆ, ಅಷ್ಟೇ."

"ಅವನಿಗೆ ಎರಡೂ ಒಂದೇ."

ಬಟ್ಟೆ ಮಡಿಸುತ್ತಿದ್ದ ಕೈಯೂ ನಿಂತಿತ್ತು. "ಅಯ್ಯೋ, ಒಳಗಡೆ ಎಷ್ಟು ಜನ ಇದ್ರೋ," ಎಂದಳು ಹೆಂಡತಿ. ಆಟವೆಂದು ನಗುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಕೊನೆಗೆ ನಾನೇ ಹುಡುಗಿಯನ್ನು ಕೇಳಿದೆ: "ಆ ಕಳ್ಳಿಯಲ್ಲಿ ಅಂಥದ್ದೇನು ಕಂಡೆಯಮ್ಮ?"

"ಬಡವರ ಬಾಗಿಲು ತೆಗೆದ್ರೆ ಏನೂ ಮುಟ್ಟಲ್ಲ ಸರ್. ಬರುವಾಗ ಮತ್ತೆ ಬೀಗ ಹಾಕ್ತಾಳೆ, ಎರಡು ಸಲ ಎಳೆದು ನೋಡ್ತಾಳೆ. ಶ್ರೀಮಂತರ ಮನೇಲಿ ಮಾತ್ರ ಕೈ ನಿಲ್ಲಲ್ಲ. ಅದು ತಪ್ಪೇ. ಅವಳು ಪೂರ್ತಿ ಒಳ್ಳೆಯವಳು ಅಂತ ನಾನೆಲ್ಲಿ ಹೇಳಿದೆ?"

ಕೀಲಿಯಣ್ಣ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ.

"ನಾಳೆ ಒಂಬತ್ತಕ್ಕೆ ಅಂಗಡಿಗೆ ಬಾ," ಎಂದ.

"ನಿಜವಾಗ್ಲೂ ಅಜ್ಜ?"

"ಬೀಗ ತೆಗೆಯೋದು ಕಲಿಸ್ತೀನಿ. ಒಡೆಯ ಬೇಡ ಅಂತಾನೆ, ಒಳಗಿಂದ ಯಾರೋ ಬಡೀತಿದ್ದಾರೆ, ಆಗ ಏನು ಮಾಡಬೇಕು ಅಂತ ಮಾತ್ರ ನನ್ನ ಕೇಳಬೇಡ." ಅವನು ಮತ್ತೊಮ್ಮೆ ಪರದೆಯ ಕಡೆ ನೋಡಿದ. "ನನಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣಮ್ಮ."