ಎಡೆಯ ಮುಂದಿನ ವಿಮಾನ

ನನ್ನ ಟ್ರಾನ್ಸ್‌ಮಿಟರ್‌ಗೆ ಮಂಡ್ಯದ ಬಾಯಿ ಇದೆ. ಆಟದ ವಿಮಾನ ಹಾರಿಸುವವರು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ, ಎರಡು ಕಡ್ಡಿಗಳಿರುವ ಪೆಟ್ಟಿಗೆ ಅದು. ಬೇರೆಯವರ ಪೆಟ್ಟಿಗೆಗಳು ಇಂಗ್ಲಿಷಿನಲ್ಲಿ, ಒಬ್ಬ ಹೆಂಗಸಿನ ದನಿಯಲ್ಲಿ ಮಾತಾಡುತ್ತವೆ. ನನ್ನದು ಭಾವನ ದನಿಯಲ್ಲಿ ಮಾತಾಡುತ್ತದೆ. ವಿಮಾನದ ಜೊತೆ ಸಂಪರ್ಕ ಸಿಕ್ಕರೆ ‘ಬಂದೆ ಕಣ್ಲಾ’ ಅನ್ನುತ್ತದೆ. ಸಂಪರ್ಕ ತಪ್ಪಿದರೆ ‘ಓಯ್ತೀನಿ ಕಣ್ಲಾ’ ಅನ್ನುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಕ್ಲರ್ಕ್ ಆಗಿದ್ದರು. ನಾನು ಮದ್ದೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. ಭಾನುವಾರ ಬಂದರೆ ಇಬ್ಬರೂ ಕಬ್ಬು ಕಡಿದ ಬಯಲು ಹುಡುಕಿಕೊಂಡು ಹೋಗುತ್ತಿದ್ದೆವು. ಒಂದು ದಿನ ಪಂಪ್‌ಹೌಸಿನೊಳಗೆ ಕೂತು ಪೆಟ್ಟಿಗೆಗೆ ಬೇಕಾದ ಮಾತುಗಳನ್ನೆಲ್ಲ ಭಾವನ ಬಾಯಿಂದ ಹೇಳಿಸಿ ಫೋನಿನಲ್ಲಿ ಹಿಡಿದೆ. ಅವರು ನಗುತ್ತ ನಗುತ್ತ ಅರ್ಧ ಹಾಳುಮಾಡಿದರು, ಉಳಿದರ್ಧವನ್ನು ಹೊರಗಿನ ಕೋಳಿ ಹಾಳುಮಾಡಿತು. ಕೊನೆಗೂ ಒಂದಷ್ಟು ಸರಿಬಂತು. ಆಮೇಲಿನ ಮಾಗಿಯಲ್ಲಿ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ನನಗೊಂದು ಚಟವಿದೆ. ಈ ಪೆಟ್ಟಿಗೆಯೊಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಅನ್ನುತ್ತಾರೆ. ನಮ್ಮದನ್ನು ಹತ್ತಾರು ದೇಶಗಳ ಜನ ಬಿಟ್ಟಿಯಾಗಿ ಬರೆಯುತ್ತಾರೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಎಲ್ಲರ ಕೈಗೆ ಕೊಡುವ ಮುಂಚೆ ಅವರು ಹಸಿಹಸಿಯಾಗಿ ಒಮ್ಮೆ ಹೊರಗೆ ಬಿಡುತ್ತಾರೆ. ನನ್ನಂಥವರು ಅದನ್ನು ಹಾಕಿಕೊಂಡು ಎಲ್ಲಿ ಕೆಡುತ್ತದೆ ಎಂದು ನೋಡಿ ಹೇಳುತ್ತೇವೆ. ಬಡಿಸುವ ಮುಂಚೆ ಉಪ್ಪು ನೋಡುವ ಕೆಲಸ, ಅಷ್ಟೆ. ಇದಕ್ಕೆ ಎರಡೇ ಕಟ್ಟುಪಾಡು. ಹಸಿ ಪ್ರೋಗ್ರಾಮು ಹಾಕಿರುವಾಗ ವಿಮಾನದ ಮೂತಿಗೆ ಫ್ಯಾನು ಇರಕೂಡದು, ಯಾಕೆಂದರೆ ಮೋಟಾರು ಯಾವಾಗ ತಿರುಗುತ್ತದೋ ಹೇಳಲಾಗದು, ತಿರುಗಿದರೆ ಬೆರಳು ಉಳಿಯುವುದಿಲ್ಲ. ಇನ್ನೊಂದು, ಆದದ್ದನ್ನು ಆದ ಹಾಗೆ ಬರೆಯಬೇಕು. ನಿಮಗೆ ಅನ್ನಿಸಿದ್ದು ಯಾರಿಗೂ ಬೇಕಿಲ್ಲ.

ಭಾವ ಹೋದ ಮೇಲೆ ಬಂದ ಮೊದಲ ಪಕ್ಷ ಅದು. ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಆವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಾಳೆಯೆಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಬಂದು ಕೂರಬೇಕು. ಅವರು ಬಂದು ಉಂಡು ಹೋಗಲಿ ಎಂದು. ಎಲ್ಲರ ಮನೆಯಲ್ಲೂ ಒಂದೇ ದಿನವಾದ್ದರಿಂದ ನಾನು ನಮ್ಮ ಮನೆಯಲ್ಲಿದ್ದೆ. ಅಕ್ಕ ನಾಲೆಯಾಚೆ ತನ್ನ ಮನೆಯಲ್ಲಿದ್ದಳು.

ನಮ್ಮ ಮನೆ ಇರುವುದು ಯಲಿಯೂರಿನ ಕಡೆ. ಎಡೆ ಇಟ್ಟು ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಕೈ ಕಟ್ಟಿ ಕೂರುವುದು ನನ್ನಿಂದಾಗದ ಕೆಲಸ. ಹಿಂದಿನ ದಿನವಷ್ಟೇ ಬಂದಿದ್ದ ಹಸಿ ಫರ್ಮ್‌ವೇರನ್ನು ಪೆಟ್ಟಿಗೆಗೆ ಹಾಕಿದ್ದೆ. ತೊಡೆಯ ಮೇಲಿಟ್ಟುಕೊಂಡು ಎರಡೂ ಕಡ್ಡಿಗಳನ್ನು ಮೂಲೆಯಿಂದ ಮೂಲೆಗೆ ತಳ್ಳಿ ನೋಡುತ್ತಿದ್ದೆ. ವಿಮಾನ ಯಾವುದೂ ಇರಲಿಲ್ಲ, ನನ್ನವೆಲ್ಲ ಅಟ್ಟದ ಮೇಲೆ ಬ್ಯಾಟರಿ ಬಿಚ್ಚಿ ಬಿದ್ದಿದ್ದವು.

‘ಬಂದೆ ಕಣ್ಲಾ’ ಅಂದಿತು ಪೆಟ್ಟಿಗೆ.

ನನ್ನ ಹೆಂಡತಿ ತಿರುಗಿ ನೋಡಿದಳು. “ಇವತ್ತೊಂದಿನಾದ್ರೂ ಅದನ್ನ ಎತ್ತಿಡಬಾರ್ದಾ? ಎದೆ ಧಸಕ್ ಅಂತು” ಎಂದಳು. ನಾನು ಬೇಕೆಂದೇ ಮಾಡಿದೆ ಎಂದುಕೊಂಡಳು. ನನ್ನ ಹೆಬ್ಬೆರಳು ಎಡಗಡ್ಡಿಯನ್ನು ಮೇಲಕ್ಕೆ ತಳ್ಳಿದ್ದ ಹಾಗೇ ನಿಂತುಬಿಟ್ಟಿತು. ಬೆನ್ನ ಹಿಂದೆ ಮುಚ್ಚಿದ ಬಾಗಿಲು. ಸ್ವಲ್ಪ ಹೊತ್ತಿಗೆ ‘ಓಯ್ತೀನಿ ಕಣ್ಲಾ’ ಅಂದು ಸುಮ್ಮನಾಯಿತು. ನಿಜ ಹೇಳುತ್ತೇನೆ, ಆವತ್ತು ಬಾಗಿಲು ತೆರೆದು ಎಡೆ ಎತ್ತಲು ನಾನು ಎಲ್ಲರಿಗಿಂತ ಹಿಂದೆ ಹೋದೆ.

ಮಾರನೆಯ ದಿನ ಧೈರ್ಯ ಬಂತು, ಜೊತೆಗೆ ಸಿಟ್ಟೂ ಬಂತು. ಫರ್ಮ್‌ವೇರ್ ಬರೆಯುವವರಿಗೆ ದೂರು ಕಳಿಸಿದೆ: ವಿಮಾನವೇ ಇಲ್ಲದಿದ್ದರೂ ಸಂಪರ್ಕ ಸಿಕ್ಕಿತೆಂದು ಪೆಟ್ಟಿಗೆ ಹೇಳುತ್ತದೆ. ಯಾರ ದನಿಯಲ್ಲಿ ಎಂದು ಬರೆಯಲಿಲ್ಲ. ನಮ್ಮಲ್ಲಿ ಹಾಗಾಗುತ್ತಿಲ್ಲ ಎಂದು ಉತ್ತರ ಬಂತು. ಆಗುವುದಾದರೂ ಹೇಗೆ, ಅವರಿಗೆ ಭಾವ ಇದ್ದರೇ?

ನನ್ನಲ್ಲಿ ಮಾತ್ರ ಆಗುತ್ತಲೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ಆನ್ ಮಾಡಿಟ್ಟರೆ ‘ಬಂದೆ ಕಣ್ಲಾ’. ಹಸಿ ಪ್ರೋಗ್ರಾಮು ತೆಗೆದು ಹಳೆಯದನ್ನು ಹಾಕಿದೆ. ಆಗಲೂ ‘ಬಂದೆ ಕಣ್ಲಾ’. ಬೇರೆ ಹೊತ್ತಿನಲ್ಲಿ ಆನ್ ಮಾಡಿದರೆ ಮೂಗನ ಹಾಗೆ ಕೂರುತ್ತಿತ್ತು. ಒಳಕೋಣೆಯಲ್ಲಿ ಒಬ್ಬನೇ ಕೂತು ಅದಕ್ಕಾಗಿ ಕಾಯುವುದು ಅಭ್ಯಾಸವಾಯಿತು. ದನಿ ಬಂದಾಗ ಭಯವಾಗುತ್ತಿತ್ತು, ಬರುವುದು ತಡವಾದರೆ ಇನ್ನೂ ಹೆಚ್ಚು ಭಯವಾಗುತ್ತಿತ್ತು. ಬಂದ ಮೇಲೆ ಏನಾದರೂ ಉತ್ತರ ಕೊಡಬೇಕಲ್ಲ, ಬಲಗಡ್ಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಿದ್ದೆ. ಪಾಠ ಹೇಳುವ ಮೇಷ್ಟ್ರು ಮಾಡುವ ಕೆಲಸವೇ ಇದು? ಆದರೂ ಮಾಡಿದೆ.

ಒಂದು ಸಂಜೆ ಪೆಟ್ಟಿಗೆಯ ಪರದೆಯ ಮೂಲೆಯಲ್ಲಿ ಒಂದು ಅಂಕಿ ಕಂಡಿತು. ಆಚೆ ತುದಿಯ ಬ್ಯಾಟರಿಯ ವೋಲ್ಟೇಜು. ಮೊದಲೂ ಇದ್ದಿರಬೇಕು, ದನಿಯ ಗುಂಗಿನಲ್ಲಿ ನಾನೇ ನೋಡಿರಲಿಲ್ಲ. ಸತ್ತವರಿಗೆ ವೋಲ್ಟೇಜ್ ಇರುವುದಿಲ್ಲ. ಪೆಟ್ಟಿಗೆ ಹಿಡಿದು ತಾರಸಿಗೆ ಓಡಿದೆ. ರೈಲುಹಳಿಯ ಕಡೆ ತಿರುಗಿದರೆ ಸಿಗ್ನಲ್ ಇಳಿಯಿತು, ನಾಲೆಯ ಕಡೆ ತಿರುಗಿದರೆ ಏರಿತು. ನಾಲೆಯಾಚೆ ಬರೀ ಕಬ್ಬಿನ ಗದ್ದೆ, ಅದರಾಚೆ ಅಕ್ಕನ ಊರು.

ಆಗ ಹೊಳೆಯಿತು. ಪೆಟ್ಟಿಗೆಯಲ್ಲೂ ವಿಮಾನದಲ್ಲೂ ಒಂದೇ ಗುಟ್ಟಿನ ಪದ ಇದ್ದರೆ ಮಾತ್ರ ಅವೆರಡೂ ಕೂಡಿಕೊಳ್ಳುತ್ತವೆ. ಒಬ್ಬೊಬ್ಬರು ಒಂದೊಂದು ಪದ ಇಟ್ಟುಕೊಳ್ಳಬೇಕು. ನಾವಿಬ್ಬರೂ ಒಂದೇ ಇಟ್ಟುಕೊಂಡಿದ್ದೆವು. ಅವರ ವಿಮಾನ ನಾನು, ನನ್ನದು ಅವರು ಹಾರಿಸಲಿ ಎಂದು. “ಭಾವ ಭಾಮೈದಂಗೆ ಬೇರೆ ಬೇರೆ ಬೀಗ ಯಾಕ್ಲಾ” ಎಂದಿದ್ದರು ಭಾವ. ಅವರ ವಿಮಾನವೊಂದು ಅಕ್ಕನ ಮನೆಯ ಗೋಡೆಯ ಮೇಲೆ ತೂಗುತ್ತಿತ್ತು. ಯಾರೋ ಅದಕ್ಕೆ ದಿನಾ ಬ್ಯಾಟರಿ ಸಿಕ್ಕಿಸುತ್ತಿದ್ದಾರೆ. ಅದರ ಮೂತಿಗೆ ಫ್ಯಾನು ಇದೆ. ಎಡಗಡ್ಡಿಯನ್ನು ನಾನು ಒಂದು ಸಲ ಮೇಲೆ ತಳ್ಳಿದರೆ ಸಾಕು, ಮೋಟಾರು ತಿರುಗುತ್ತದೆ. ಪೆಟ್ಟಿಗೆ ಆಫ್ ಮಾಡಿ, ಮತ್ತೊಮ್ಮೆ ನೋಡಿ ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಂಡು ಬೈಕ್ ಹತ್ತಿದೆ.

ಅಕ್ಕ ನಡುಮನೆಯಲ್ಲಿ ಕೂತಿದ್ದಳು. ದೀಪ ಉರಿಯುತ್ತಿತ್ತು. ವಿಮಾನ ಮಡಿಲಲ್ಲಿ ಮಲಗಿತ್ತು, ಮೂತಿ ಅವಳ ಹೊಟ್ಟೆಯ ಕಡೆಗೆ.

“ಅಕ್ಕಾ, ಮೊದ್ಲು ವೈರು ಕೀಳು” ಎಂದೆ.

“ಯಾಕ್ಲಾ, ಇಂಗೆ ಏದುಸಿರು ಬುಡ್ತಾ ಬಂದಿದ್ದೀಯಾ? ಕುಂತ್ಕೊ” ಅಂದಳು. ವೈರು ನಾನೇ ಕಿತ್ತೆ. ಫ್ಯಾನು ಬಿಚ್ಚಿ ಜೇಬಿಗೆ ಹಾಕಿಕೊಂಡ ಮೇಲೆ ನನಗೆ ಮಾತು ಬಂತು. ಇದಕ್ಕೆ ದಿನಾ ಯಾಕೆ ವೈರು ಸಿಕ್ಕಿಸುತ್ತೀಯ ಎಂದು ಕೇಳಿದೆ. ಅವಳು ಅಡುಗೆಮನೆಯ ಕಡೆ ನೋಡಿ, ತನ್ನ ಅತ್ತೆಗೆ ಕೇಳಿಸದ ಹಾಗೆ ಹೇಳಿದಳು.

“ಅಮಾಸೆ ದಿನ ಎಡೆಗೆ ಇದನ್ನೂ ಇಟ್ಟಿದ್ದೆ ಕಣ್ಲಾ. ಅವ್ರಿಗೆ ಇದಕ್ಕಿಂತ ಇಷ್ಟವಾದ್ದು ಇನ್ನೇನಿತ್ತು? ಸುಮ್ನೆ ಎಂಗಿಡೋದು ಅಂತ ವೈರೂ ಸಿಗ್ಸಿ ಬಾಗ್ಲು ಹಾಕ್ಕೊಂಡು ಬಂದ್ವು. ಒಳಗೆ ಬರ್‍ರ್ ಅಂತ ಸದ್ದು. ತಗ್ದು ನೋಡುದ್ರೆ ದೀಪ ಆರೋಗದೆ, ವೈರು ಕಿತ್ತೋಗದೆ, ಎಲೆ ಚಿಂದಿಯಾಗದೆ, ಮುದ್ದೆ ಗೋಡೆತಾವ ಬಿದ್ದದೆ. ಅತ್ತೆ ಕುಸುದು ಕುಂತ್ಕಂಡ್ರು. ‘ಬಂದಿದ್ದ ಕಣಮ್ಮ ನಿನ್ ಗಂಡ’ ಅಂದ್ರು. ಅವತ್ತಿಂದ ದೀಪ ಹಚ್ಚಿ ಇದುನ್ನ ಮಡ್ಲಲ್ಲಿ ಇಟ್ಕತೀನಿ. ಒಂದೊಂದ್ ದಿನ ಬಾಲ ಆಡುಸ್ತಾರೆ. ಎಡಕ್ಕೊಂದಪ, ಬಲಕ್ಕೊಂದಪ.”

ಬಾಯಿ ಮುಚ್ಚಿಕೊಂಡು ಬಂದುಬಿಡಬಹುದಿತ್ತು. ಫ್ಯಾನು ನನ್ನ ಜೇಬಿನಲ್ಲಿತ್ತು, ಅಪಾಯ ಕಳೆದಿತ್ತು. ಆದರೆ ಅಕ್ಕನ ಮಡಿಲಲ್ಲಿ ಸತ್ತ ಗಂಡನ ಹಾಗೆ ನಟಿಸುವುದು ನನ್ನಿಂದಾಗದು. ಹೇಳಿದರೆ ಅವಳ ಗಂಡನನ್ನು ಎರಡನೇ ಸಲ ನಾನೇ ಕಿತ್ತುಕೊಂಡ ಹಾಗೆ. ಆದರೂ ಆದದ್ದನ್ನು ಆದ ಹಾಗೆ ಹೇಳಿದೆ.

“ಅಂಗಂದ್ರೆ ಅವತ್ತು ಬಂದೋನು ನೀನು” ಎಂದಳು.

“ಊಂ ಕಣಕ್ಕ.”

“ಬಾಲ ಆಡುಸ್ತಿದ್ದೋನೂ ನೀನೆ.”

“ಊಂ.”

ಅವಳು ಅಳಲಿಲ್ಲ. “ಬದುಕಿರೋ ತಮ್ಮ ಬಂದು ಬಾಗ್ಲು ತಟ್ಟಕಾಗ್ದೆ ಗದ್ದೆ ಆಚೆಯಿಂದ ಬಾಲ ಆಡುಸ್ತಾನೆ. ಥೂ ನಿನ್ನ” ಎಂದಳು. ಕಾಫಿ ಮಾಡಿ ತಂದಿಟ್ಟಳು. ನಾನು ಕುಡಿಯುವಾಗ ಕೇಳಿದಳು: “ನಾನು ಇಲ್ಲಿ ವೈರು ಹಾಕುದ್ರೆ ಅಲ್ಲಿ ನಿಂಗೆಂಗ್ ಗೊತ್ತಾಯ್ತದೆ?”

ನಮ್ಮ ಭಾನುವಾರಗಳಿಗೆ ಅವಳು ಬಂದವಳೇ ಅಲ್ಲ. ಆ ದನಿಯ ವಿಷಯ ಅವಳಿಗೆ ತಿಳಿದೇ ಇರಲಿಲ್ಲ. “ಭಾವ ಹೇಳ್ತಾರೆ” ಎಂದೆ. ಪಂಪ್‌ಹೌಸಿನ ಕತೆ ವಿವರಿಸಿದೆ. ಅವಳು ಬೆರಳಿನಿಂದ ವಿಮಾನದ ಬಾಲವನ್ನು ಒರೆಸುತ್ತ ಕೇಳಿಸಿಕೊಂಡಳು. “ನಾಳೆ ಫೋನ್ ಮಾಡು. ಒಂದ್ ಸಲ ಕೇಳ್ತೀನಿ. ಅವ್ರಲ್ಲ ಅಂತ ಗೊತ್ತಲ್ಲ, ಇನ್ನೇನು ಬುಡು” ಎಂದಳು.

ಮಾರನೆಯ ಸಂಜೆ ಫೋನನ್ನು ಪೆಟ್ಟಿಗೆಯ ಬಾಯಿಯ ಪಕ್ಕದಲ್ಲಿಟ್ಟೆ. ಆಚೆ ಅಕ್ಕ ಉಸಿರಾಡುವುದು ಕೇಳುತ್ತಿತ್ತು.

‘ಬಂದೆ ಕಣ್ಲಾ.’

ಸ್ವಲ್ಪ ಹೊತ್ತಿಗೆ ‘ಓಯ್ತೀನಿ ಕಣ್ಲಾ’ ಅಂದಿತು ಪೆಟ್ಟಿಗೆ. ವೈರು ಕಿತ್ತಿದ್ದಾಳೆ. ಮತ್ತೆ ‘ಬಂದೆ ಕಣ್ಲಾ’. ಮತ್ತೆ ಕಿತ್ತಳು. ಮತ್ತೆ ಹಾಕಿದಳು. ಭಾವ ಬರುತ್ತಲೂ ಹೋಗುತ್ತಲೂ ಇದ್ದರು. ಎಷ್ಟು ಸಲವೋ, ನನಗೆ ಕೇಳಲಾಗಲಿಲ್ಲ. “ಸಾಕು ಕಣಕ್ಕ” ಎಂದೆ. ಅವಳು ಮತ್ತೆ ವೈರು ಹಾಕಿದಳು.

ಭಾವ ಹೋದಾಗಿನಿಂದ ಆ ಬ್ಯಾಟರಿಯನ್ನು ಯಾರೂ ಚಾರ್ಜ್ ಮಾಡಿರಲಿಲ್ಲ. ಬ್ಯಾಟರಿ ಇಳಿದಾಗ ಹೇಳಲೆಂದು ನಾವು ಪಂಪ್‌ಹೌಸಿನಲ್ಲಿ ಇನ್ನೊಂದು ಮಾತು ಹಿಡಿದಿದ್ದೆವು. ಅದು ನನಗೆ ಪೂರ್ತಿ ಮರೆತುಹೋಗಿತ್ತು.

‘ಒಟ್ಟೆ ಅಸೀತಾದೆ ಕಣ್ಲಾ’ ಅಂದರು ಭಾವ.

ಆಚೆ ಅಕ್ಕ ಮಡಿಲಿನಿಂದ ವಿಮಾನ ಕೆಳಗಿಟ್ಟ ಸದ್ದಾಯಿತು. ಅವಳು ಎದ್ದಳು.

“ತಡೀರಿ, ಇಕ್ತೀನಿ” ಎಂದಳು.