ಶೆಗಡಿಯ ಮುಂದೆ ಹೆಣ್ಣು ನೋಡಿದ ಶಾಸ್ತ್ರ

ನಮ್ಮ ಯಜಮಾನರು ವಡಾಲದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಸಯನ್‌ನ ನಮ್ಮ ಒಂದೇ ಕೋಣೆಯ ಮನೆಗೆ ಬಂದರೂ ಅವರ ಕಣ್ಣಿಗೆ ನಾನು ಅಡುಗೆ ಮಾಡುವ ಇದ್ದಿಲ ಶೆಗಡಿ ಒಂದು ಸಣ್ಣ ಬಾಯ್ಲರ್!

ಎಪ್ಪತ್ತರ ದಶಕ, ಸೀಮೆಎಣ್ಣೆಗೆ ತತ್ವಾರ. ಆ ಭಾನುವಾರ ನನ್ನ ತಂಗಿಯನ್ನು ನೋಡಲು ದಹಿಸರ್‌ನಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ಅವಳ ಮಾತಿನ ಖಾರಕ್ಕೇ ತಪ್ಪಿದ್ದವು. ಇದೂ ತಪ್ಪಿದರೆ ಗತಿಯೇನು?

"ಇವತ್ತೊಂದು ದಿನ ಬಾಯಿಗೆ ಬೀಗ ಹಾಕು ಮಾರಾಯ್ತಿ" ಎಂದು ಕೈಮುಗಿದಿದ್ದೆ.

ಶೆಗಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಆವಿಯಲ್ಲಿ ಪತ್ರೊಡೆ ಬೇಯಲಿಟ್ಟೆ. ಯಜಮಾನರಿಗೆ ಹೊಗೆಯ ಭಯ. ಬಾಯ್ಲರ್‌ಗೆ ಗಾಳಿ ಕಡಿಮೆಯಾದರೆ ಚಿಮಣಿ ಕಪ್ಪು ಹೊಗೆ ಉಗುಳುತ್ತದೆ, ಸಾಹೇಬರು ಬೈಯುತ್ತಾರೆ. ನೆಂಟರೆದುರು ಹೊಗೆ ಬೇಡವೆಂದು ಪಕ್ಕದ ಮನೆಯ ಟೇಬಲ್ ಫ್ಯಾನ್ ತಂದು ಶೆಗಡಿಗೆ ಹಿಡಿದರು. ಇದ್ದಿಲು ಧಗಧಗ ಹೊಳೆಯಿತು, ಬೂದಿ ಹಾರಿತು, ನೀರು ಮಾತ್ರ ಕುದಿಯಲೊಲ್ಲದು.

ಅಷ್ಟರಲ್ಲಿ ನೆಂಟರು ಬಂದರು. ಗಂಡಿನ ತಂದೆ ಒಳಗೆ ಕಾಲಿಟ್ಟವರೇ ಶೆಗಡಿ ಕಂಡು ನಿಂತುಬಿಟ್ಟರು. ನಮ್ಮ ಗ್ರಹಚಾರ, ಅವರೂ ಬಾಯ್ಲರಿನವರೇ!

"ಎಂತದು ಮಾರಾಯ್ರೆ, ಇಷ್ಟು ಎಕ್ಸೆಸ್ ಏರ್? ಉರಿಯಲಿಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಗಾಳಿ ಸಾಕು. ಮಿಕ್ಕಿದ್ದೆಲ್ಲ ತಣ್ಣಗೆ ಒಳಗೆ ಬಂದು, ಬಿಸಿ ಕದ್ದುಕೊಂಡು ಹೊರಗೆ ಹೋಗ್ತದೆ."

"ಗಾಳಿ ಕಮ್ಮಿಯಾಗಿ ಹೊಗೆ ಬಂದ್ರೆ?" ಎಂದರು ನಮ್ಮವರು.

ಇಬ್ಬರೂ ಪಂಚೆ ಎತ್ತಿಕಟ್ಟಿ ಶೆಗಡಿಯೆದುರು ಕುಕ್ಕರುಗಾಲಲ್ಲಿ ಕೂತರು. ಒಬ್ಬರು ಫ್ಯಾನ್ ಹಾಕುವುದು, ಇನ್ನೊಬ್ಬರು ಆರಿಸುವುದು. ಪಾಪ, ಗಂಡು ಮೂಲೆಯಲ್ಲಿ ಮುಖದ ಬೂದಿ ಒರೆಸಿಕೊಳ್ಳುತ್ತಿದ್ದ. ರೇಷ್ಮೆ ಸೀರೆ ಉಟ್ಟು ಕೂತ ನನ್ನ ತಂಗಿಯ ಕಡೆ ಒಬ್ಬರಾದರೂ ಕಣ್ಣೆತ್ತಬೇಡವೇ? ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು.

ತಂಗಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಫ್ಯಾನಿನ ಪ್ಲಗ್ ಕಿತ್ತು, ಶೆಗಡಿಯ ಕೆಳಗಿನ ಗಾಳಿಕಿಂಡಿ ಅರ್ಧ ಮುಚ್ಚುವಂತೆ ಒಂದು ತಗಡು ಇಟ್ಟಳು.

"ನೀವು ನೋಡ್ಲಿಕ್ಕೆ ಬಂದದ್ದು ನನ್ನನ್ನೋ, ಇದ್ದಿಲನ್ನೋ? ಇಬ್ಬರೂ ಆಚೆ ಹೋಗಿ ಕೂತ್ಕೊಳ್ಳಿ. ಇಲ್ಲಿ ಹೆಚ್ಚಾದ ಗಾಳಿಯೆಲ್ಲ ನಿಮ್ಮ ಬಾಯಿಂದಲೇ ಬರುವುದು!"

ಇಬ್ಬರೂ ಶಾಲೆಯ ಮಕ್ಕಳ ಹಾಗೆ ಚಾಪೆಗೆ ಹೋಗಿ ಕೂತರು. ಇದೂ ಹೋಯಿತೆಂದು ನಾನು ತಲೆಯ ಮೇಲೆ ಕೈಹೊತ್ತೆ. ಸ್ವಲ್ಪ ಹೊತ್ತಿಗೆ ಪಾತ್ರೆಯ ನೀರು ಗುಳುಗುಳು ಎನ್ನತೊಡಗಿತು.

ಆಗ ಗಂಡು ಮೊದಲ ಸಲ ತುಟಿ ಬಿಚ್ಚಿದ. "ಅಪ್ಪನನ್ನು ಹೀಗೆ ಆಚೆ ಕೂರಿಸುವವರು ನಮ್ಮ ಮನೆಗೆ ಒಬ್ಬರು ಬೇಕೇ ಬೇಕು. ನನಗೆ ಒಪ್ಪಿಗೆ."

ತಂಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮೊದಲು ಮುಖ ತೊಳ್ಕೊಂಡು ಬನ್ನಿ. ನಾನಿನ್ನೂ ನಿಮ್ಮನ್ನು ನೋಡ್ಲೇ ಇಲ್ಲ."