ಏಳನೇ ಬಾವಿಯ ಸದ್ದು

ದೆವ್ವ ಕಂಡೆ ಎನ್ನುವವರ ಮಾತಿಗೆ ನಾನು ನಗುತ್ತಿದ್ದವನು. ಎಂಜಿನ್ ನಡೆಸುವವನಿಗೆ ಮೀಟರಿನ ಮುಳ್ಳು ತೋರಿಸಿದ್ದಷ್ಟೇ ನಿಜ. ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಗಂಗಾವತಿಯ ಹೊರಗೆ ಕಸದ ಗುಡ್ಡದ ಪಕ್ಕ ನಮ್ಮ ಸಣ್ಣ ವಿದ್ಯುತ್ ಘಟಕವಿತ್ತು. ಕಸ ಕೊಳೆತು ಹುಟ್ಟುವ ಗ್ಯಾಸನ್ನು ಗುಡ್ಡದೊಳಗೆ ಇಳಿಸಿದ ಕಬ್ಬಿಣದ ಪೈಪುಗಳಿಂದ ಎಳೆದು ಎಂಜಿನ್ ಓಡಿಸುತ್ತಿದ್ದೆವು. ಆ ಪೈಪುಗಳಿಗೆ ಬಾವಿ ಎನ್ನುತ್ತಿದ್ದೆವು. ಒಳಗೆ ಕೊಳಚೆ ನೀರು ಕಟ್ಟಿಕೊಂಡರೆ ಗ್ಯಾಸ್ ನಿಲ್ಲುತ್ತದೆ. ಯಾವ ಬಾವಿಯಲ್ಲಿ ಎಂದು ತೋರಿಸಬೇಕಾದ ಮೀಟರು ಕೆಟ್ಟು ಕೂತಿತ್ತು. ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿತ್ತು. ಹಾಗಾಗಿ ಅಲ್ಲೇ ಚಿಂದಿ ಆಯುವ ಹನುಮವ್ವನನ್ನು ಕರೆಯುತ್ತಿದ್ದೆ. ಅವಳು ತನ್ನ ಕೊಕ್ಕೆಯಿಂದ ಪೈಪಿಗೆ ಬಡಿಯುವಳು: ಟಣ್ ಟಣ್, ತುಸು ತಡೆದು ಮತ್ತೊಂದು ಟಣ್. ಕಿವಿಯಿಟ್ಟು ಕೇಳಿ, "ಇದರಾಗ ನೀರು ನಿಂತಾವ್ರಿ ಸಾಹೇಬ್ರ, ತಗಸ್ರಿ" ಎನ್ನುವಳು. ಒಮ್ಮೆಯೂ ತಪ್ಪಲಿಲ್ಲ.

ಒಂದು ಮಧ್ಯಾಹ್ನ ಎಂಜಿನ್ ಮುಗ್ಗರಿಸತೊಡಗಿತು. ಊಟಕ್ಕೆ ಕೂತಿದ್ದವಳನ್ನು ಕೂಗಿದೆ.

"ಈಗರ ಬುತ್ತಿ ಬಿಚ್ಚೀನ್ರಿ, ಉಂಡು ಬರ್ತೀನಿ."

"ಆಮ್ಯಾಲ ಉಣ್ಣುವಂತಿ, ಬಾ" ಎಂದೆ.

ಮೂರನೇ ಬಾವಿ ದಾಟುವಾಗ ಅವಳ ಕಾಲಡಿಯ ಕಸ ಕುಸಿಯಿತು. ಹೊರತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ. ಸಂಜೆ, ಮೇಲಿನವರು ಹೇಳಿಕೊಟ್ಟಂತೆ ರಿಜಿಸ್ಟರಿನಲ್ಲಿ ಬರೆದೆ: ಅನುಮತಿಯಿಲ್ಲದೆ ಒಳಬಂದ ಮಹಿಳೆ. ಅದನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಹದಿನೈದು ದಿನಕ್ಕೆ, ನಡುಹಗಲಲ್ಲೇ, ಎಂಜಿನ್ ಮತ್ತೆ ಮುಗ್ಗರಿಸಿ ನಿಂತಿತು. ಹನುಮವ್ವನ ಮಗಳು ಗೇಟಿನಲ್ಲಿ ನಿಂತು ನನ್ನನ್ನು ಕೇಳುತ್ತಿದ್ದಳು: "ನಮ್ಮವ್ವ ತಾನ ಹೋದಳೇನ್ರಿ, ಇಲ್ಲಾ ಯಾರರ ಕರದಿದ್ರೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ಗುಡ್ಡದ ಮೇಲಿಂದ ಕೇಳಿಸಿತು. ಟಣ್ ಟಣ್. ತುಸು ತಡೆದು, ಟಣ್. ಮಗಳೂ ಆ ಕಡೆ ತಿರುಗಿದಳು. ಅವಳ ತಾಯಿ ಸತ್ತ ಮೇಲೆ ಗುಡ್ಡಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ; ಮೇಲೆ ಒಂದು ನಾಯಿಯೂ ಇರಲಿಲ್ಲ. ಸದ್ದು ಬಂದತ್ತ ಹೋದೆ. ಏಳನೇ ಬಾವಿಯ ಪೈಪು ಮುಟ್ಟಿದರೆ ಇನ್ನೂ ಅದುರುತ್ತಿತ್ತು. ಅದರ ನೀರು ತೆಗೆಸಿದೆ, ಎಂಜಿನ್ ಓಡಿತು. ಸತ್ತವಳಿಂದಲೂ ಬಿಟ್ಟಿ ದುಡಿಸಿಕೊಂಡೆವಲ್ಲ ಎನಿಸಿತು.

ಪೈಪಿನೊಳಗಿನ ನೀರು ಹೊಯ್ದಾಡಿದರೆ ಹಾಗೆ ಸದ್ದಾಗುತ್ತದೆ ಎಂದರು ಇಂಜಿನಿಯರು. ಇರಬಹುದು. ಎರಡು ಬಡಿದು ತಡೆಯುವುದನ್ನು ನೀರು ಎಲ್ಲಿ ಕಲಿಯಿತೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಅಂದು ಗುಡ್ಡದಿಂದ ಕೆಳಗಿಳಿದಾಗ ಮಗಳು ಗೇಟಿನಲ್ಲೇ ಇದ್ದಳು. "ಅವ್ವನ ಕೊಕ್ಕಿ ನಮ್ಮ ಮನ್ಯಾಗ ಐತ್ರಿ" ಎಂದಳು. "ಹೇಳ್ರಿ, ಯಾರರ ಕರದಿದ್ರೇನು?"

"ಇಲ್ಲವ್ವ, ತಾನ ಹೋಗಿದ್ಲು" ಎಂದೆ.